ಬಿಸಿ ಟವೆಲ್ಲು, ಕೆಂಪು ದೀಪ

ಮಾವನವರ ಬೆಳಗಿನ ವಾಕಿಂಗ್ ನಿಂತು ತಿಂಗಳಾಗುತ್ತ ಬಂದಿತ್ತು. ನಿಲ್ಲಿಸಿದ್ದು ಡಾಕ್ಟರಲ್ಲ, ಚಳಿಯಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಬಾಲ್ಕನಿಯ ಕಂಬಿಗೆ ಕಟ್ಟಿದ್ದ, ಊಟದ ಡಬ್ಬಿಯಷ್ಟೇ ಇದ್ದ ಒಂದು ಬಿಳಿ ಪೆಟ್ಟಿಗೆ. ಅದನ್ನು ತಂದು ಅಲ್ಲಿ ಕಟ್ಟಿದವಳು ಸೊಸೆ. ಹಾಗಾಗಿ ಮನೆಯಲ್ಲಿ ಯಾರೇ ಪೆಟ್ಟಿಗೆಯನ್ನು ಬೈದರೂ ಅದು ನೇರವಾಗಿ ಬಂದು ಅವಳಿಗೇ ತಗಲುತ್ತಿತ್ತು.

ಪೆಟ್ಟಿಗೆಯ ಕೆಲಸ ಗಾಳಿಯಲ್ಲಿರುವ ಧೂಳನ್ನು ಅಳೆಯುವುದು. ಅತ್ತೆ ಪೊರಕೆ ಹಿಡಿದು ದಿನಾ ಅಟ್ಟಾಡಿಸುವ ಧೂಳಲ್ಲ. ಕಣ್ಣಿಗೆ ಕಾಣದೆ, ಮೂಗಿಗೆ ಸುಳಿವು ಕೊಡದೆ, ನೆಟ್ಟಗೆ ಎದೆಯೊಳಕ್ಕೆ ಇಳಿದು ಅಲ್ಲೇ ಬಿಡಾರ ಹೂಡುವ ಧೂಳು. ಗಾಳಿ ಚೆನ್ನಾಗಿದ್ದರೆ ಪೆಟ್ಟಿಗೆಯ ಮುಖದ ಮೇಲೆ ಹಸಿರು ದೀಪ, ಸುಮಾರಾಗಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು.

ಮಾವ ದೂರದೂರಿನ ಬಸ್ಸು ಓಡಿಸಿ ನಿವೃತ್ತರಾದವರು. ಜೀವಮಾನವಿಡೀ ಎದುರಿನ ಲಾರಿಗಳ ಹೊಗೆ ಕುಡಿದಿದ್ದರಿಂದ ಉಸಿರು ಸ್ವಲ್ಪ ಗಿಡ್ಡವಾಗಿತ್ತು. ಡಾಕ್ಟರು ಅವರಿಗೆ ಎರಡು ಮಾತು ಹೇಳಿದ್ದರು. ದಿನಾ ತಪ್ಪದೆ ನಡೆಯಬೇಕು, ಇಲ್ಲದಿದ್ದರೆ ಶ್ವಾಸಕೋಶ ಮೈಗಳ್ಳತನ ಕಲಿಯುತ್ತದೆ. ಆದರೆ ಗಾಳಿ ಕೆಟ್ಟಿರುವ ಹೊತ್ತಿನಲ್ಲಿ ಹೊಸ್ತಿಲು ದಾಟಬಾರದು. ಗಾಳಿ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆಂದು ಮಾತ್ರ ಹೇಳಿರಲಿಲ್ಲ. ಆ ಕೊರತೆಯನ್ನು ತುಂಬಲೆಂದೇ ಸೊಸೆ, ತನ್ನ ಲ್ಯಾಬಿನಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಪೆಟ್ಟಿಗೆಗಳಲ್ಲಿ ಒಂದನ್ನು ಒಪ್ಪಿಗೆ ಕೇಳಿ ಮನೆಗೆ ತಂದಿದ್ದಳು. ತಂದ ದಿನ ಮಾವ ಎಷ್ಟು ಖುಷಿಪಟ್ಟಿದ್ದರು! ಸಿಗ್ನಲ್ ದೀಪ ನೋಡಿಕೊಂಡೇ ಬದುಕಿದ ಮನುಷ್ಯನಿಗೆ ಮನೆಗೇ ಒಂದು ಸಿಗ್ನಲ್ ಬಂದಂತಾಗಿತ್ತು.

ಆದರೆ ಆ ಸಿಗ್ನಲ್ ಒಮ್ಮೆಯೂ ಅವರ ಪರವಾಗಿ ಬೀಳಲಿಲ್ಲ. ಅವರು ಬೆಳಿಗ್ಗೆ ಎದ್ದು, ಮುಖ ತೊಳೆದು, ಶೂಗೆ ಕಾಲು ತೂರಿಸುವ ಹೊತ್ತಿಗೆ ಸರಿಯಾಗಿ ದೀಪ ಕೆಂಪಾಗುತ್ತಿತ್ತು. ಬಿಸಿಲೇರಿದ ಮೇಲೆ ಹಸಿರಾಗುತ್ತಿತ್ತು, ಆದರೆ ಆಗ ರಸ್ತೆಯಲ್ಲಿ ವಾಹನಗಳ ಜಾತ್ರೆ. ಪಾರ್ಕಿನ ಬೆಂಚಿನ ಮೇಲೆ ಹಳೇ ಕಂಡಕ್ಟರುಗಳ ಹರಟೆ ಇವರಿಲ್ಲದೆಯೇ ನಡೆದು ಮುಗಿದಿರುತ್ತಿತ್ತು. ಮಾವ ಶೂ ಬಿಚ್ಚಿ, ಮುಖ ಊದಿಸಿಕೊಂಡು ಬಾಲ್ಕನಿಯ ಕುರ್ಚಿಯಲ್ಲಿ ಕೂರುತ್ತಿದ್ದರು. ಅತ್ತೆ ಟೀ ತಂದುಕೊಡುತ್ತಿದ್ದರು.

ಈ ಬೆಳಗಿನ ಪ್ರಸಂಗಗಳನ್ನೆಲ್ಲ ಸೊಸೆ ಕೇಳಿ ತಿಳಿದದ್ದೇ ಹೊರತು ಕಂಡದ್ದಲ್ಲ. ಅವಳು ಭಾನುವಾರವೂ ಬಿಡದೆ, ಇನ್ನೂ ಕತ್ತಲಿರುವಾಗಲೇ ಲ್ಯಾಬಿಗೆ ಹೊರಡಬೇಕಿತ್ತು. ಗಂಡ ಪ್ರಿಂಟಿಂಗ್ ಪ್ರೆಸ್ಸಿನ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದನೆಂದರೆ ಪಕ್ಕದಲ್ಲಿ ಡೋಲು ಬಡಿದರೂ ಏಳುವ ಗಿರಾಕಿಯಲ್ಲ.

ಲ್ಯಾಬು ಇದ್ದದ್ದು ಒಂದು ಹಳೆಯ ಕಚೇರಿಯ ಮೇಲಂತಸ್ತಿನಲ್ಲಿ. ಅದರ ತಾರಸಿಯ ಮೇಲೆ ಬೀರುವಿನಷ್ಟು ಎತ್ತರದ ಒಂದು ಯಂತ್ರ ಕೂತಿತ್ತು. ಎಲ್ಲರೂ ಅದನ್ನು 'ಯಜಮಾನ್ರು' ಎಂದೇ ಕರೆಯುತ್ತಿದ್ದರು. ಯಜಮಾನ್ರು ಗಾಳಿಯನ್ನು ಎಳೆದುಕೊಂಡು, ಕಾಗದದಂಥ ಬಿಳಿ ಫಿಲ್ಟರಿನ ಮೇಲೆ ಧೂಳನ್ನು ಹಿಡಿದು, ಅದರ ತೂಕವನ್ನೇ ಅಳೆದು ಹೇಳುವವರು. ಅವರ ಮಾತಿಗೆ ಎದುರಿಲ್ಲ. ಆದರೆ ಊರಿಗೆಲ್ಲ ಒಬ್ಬರೇ ಯಜಮಾನ್ರು. ಶಾಲೆಗೊಂದು, ಆಸ್ಪತ್ರೆಗೊಂದು, ಬಸ್ ನಿಲ್ದಾಣಕ್ಕೊಂದು ಇಡುವುದಕ್ಕಾಗದು. ಅದಕ್ಕೇ ಈ ಸಣ್ಣ ಪೆಟ್ಟಿಗೆಗಳು. ಲ್ಯಾಬಿನವರ ಬಾಯಲ್ಲಿ ಅವು 'ಮರಿಗಳು'.

ಮರಿಗಳಿಗೆ ತೂಕ ಗೊತ್ತಿಲ್ಲ, ಬೆಳಕು ಮಾತ್ರ ಗೊತ್ತು. ಹೊಟ್ಟೆಯೊಳಗೊಂದು ಪುಟಾಣಿ ಫ್ಯಾನು ಗಾಳಿಯನ್ನು ಎಳೆಯುತ್ತದೆ. ಆ ಗಾಳಿಗೆ ಅಡ್ಡಲಾಗಿ ಒಂದು ಎಳೆ ಲೇಸರ್ ಬೆಳಕು ಹಾಯುತ್ತದೆ. ಧೂಳಿನ ಕಣ ಬೆಳಕಿಗೆ ಸಿಕ್ಕಿ ಮಿನುಗಿದಾಗಲೆಲ್ಲ ಪಕ್ಕದಲ್ಲಿರುವ ಕಣ್ಣು ಅದನ್ನು ನೋಡಿ ಲೆಕ್ಕಕ್ಕೆ ಹಿಡಿಯುತ್ತದೆ. ಒಂದು ಮರಿ ಸ್ವಲ್ಪ ಹೆಚ್ಚು ಹೇಳುತ್ತದೆ, ಇನ್ನೊಂದು ಕಡಿಮೆ ಹೇಳುತ್ತದೆ. ಒಡಹುಟ್ಟಿದವರಲ್ಲಿ ಇರುವ ಹಾಗೆ ಒಂದೊಂದಕ್ಕೂ ಒಂದೊಂದು ಗುಣ. ಅವನ್ನೆಲ್ಲ ವಾರಗಟ್ಟಲೆ ಯಜಮಾನ್ರ ಸುತ್ತ ಸಾಲಾಗಿ ಕೂರಿಸಿ, ಅವರು ಏನು ಹೇಳುತ್ತಾರೆ ಇವು ಏನು ಹೇಳುತ್ತವೆ ಎಂದು ಹೋಲಿಸಿ, ಪ್ರತಿಯೊಂದು ಮರಿಗೂ ಅದರದೇ ತಿದ್ದುಪಡಿ ಕಂಡುಹಿಡಿದು ದಾರಿಗೆ ತರುವುದು ಸೊಸೆಯ ಕೆಲಸ. ಆ ಕೆಲಸದಲ್ಲಿ ಅವಳದು ಎತ್ತಿದ ಕೈ. ಅದು ಅವಳಿಗೂ ಗೊತ್ತಿತ್ತು, ಗೊತ್ತಿರುವುದನ್ನು ಮುಚ್ಚಿಡುವ ಅಭ್ಯಾಸವೂ ಅವಳಿಗಿರಲಿಲ್ಲ.

ಅದಕ್ಕೇ ಮನೆಯ ಮರಿ ಅವಳ ತಲೆ ತಿಂದದ್ದು. ಲ್ಯಾಬಿನ ಪರದೆಯ ಮೇಲೆ ಅದರ ಗೆರೆ ದಿನಾ ಬೆಳಿಗ್ಗೆ ಗುಡ್ಡದಂತೆ ಮೇಲೆದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ಇಳಿದುಬಿಡುತ್ತಿತ್ತು. ಮೊದಲು ಅವಳು ಎದುರಿನ ಬಸ್ ಸ್ಟಾಪನ್ನು ಅನುಮಾನಿಸಿದಳು. ಆಮೇಲೆ ಕೆಳಗಿನ ಮನೆಯವರ ಅಡುಗೆಮನೆಯನ್ನು ಅನುಮಾನಿಸಿ, ಸಕ್ಕರೆ ಕೇಳುವ ನೆಪದಲ್ಲಿ ಹೋಗಿ ಮೂಸಿ ಬಂದಳು. ಮರಿಗೇ ಕಾಯಿಲೆಯೇನೋ ಎಂದು ಬಿಚ್ಚಿಕೊಂಡು ಹೋಗಿ ಮತ್ತೆ ಯಜಮಾನ್ರ ಪಕ್ಕ ಕೂರಿಸಿದಳು. ಅಲ್ಲಿ ಅದು ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಯಜಮಾನ್ರು ಹೇಳಿದ್ದನ್ನೇ ಹೇಳಿತು. ಮನೆಗೆ ತಂದು ಕಟ್ಟಿದ ಮರುದಿನವೇ ಮತ್ತೆ ಕೆಂಪು.

ಒಂದು ಸಂಜೆ ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದಾಗ ಮಾವ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಒಳಗೆ ಏನಮ್ಮಾ ಇದೆ ಇದಕ್ಕೆ? ಇಷ್ಟೊಂದು ಅಹಂಕಾರ ಎಲ್ಲಿಂದ ಬಂತು?"

ಅವಳು ಫ್ಯಾನು ತೋರಿಸಿದಳು, ಬೆಳಕು ಬರುವ ಜಾಗ ತೋರಿಸಿದಳು, ನೋಡುವ ಕಣ್ಣು ತೋರಿಸಿದಳು. ಮಾವ ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದರು.

"ಅಂದ್ರೆ ಬಸ್ಸಿನ ಹೆಡ್‌ಲೈಟ್ ಇದ್ದ ಹಾಗೆ. ಲೈಟಿಗೆ ಏನು ಅಡ್ಡ ಬಂದ್ರೂ ಹೊಳೆಯುತ್ತೆ."

"ಹೂಂ ಮಾವ, ಹಾಗೇ ಅಂದ್ಕೊಳ್ಳಿ."

"ಮಂಜಲ್ಲಿ ಹೆಡ್‌ಲೈಟ್ ಜೋರು ಮಾಡಿದ್ರೆ ಎದುರಿಗೆ ಬಿಳೀ ಗೋಡೆ ಕಟ್ಟಿದ ಹಾಗೆ ಕಾಣುತ್ತೆ, ಗೊತ್ತಾ? ರಸ್ತೆನೇ ಮಾಯ. ಹೊಸ ಡ್ರೈವರುಗಳು ಹೆದರಿ ಬ್ರೇಕ್ ಒತ್ತಿಬಿಡ್ತಾರೆ."

ಮಾವ ಬಸ್ಸಿನ ಕಥೆ ಶುರುಮಾಡಿದರೆ ಘಾಟಿ ಇಳಿದು ಡಿಪೋ ಸೇರುವವರೆಗೂ ನಿಲ್ಲಿಸುವವರಲ್ಲ. ಸೊಸೆ ಹೂಂಗುಟ್ಟುತ್ತ ಮುಚ್ಚಳದ ಸ್ಕ್ರೂ ತಿರುಗಿಸಿದಳೇ ಹೊರತು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅಡುಗೆಮನೆಯಿಂದ ಅತ್ತೆ, "ಸುಮ್ನೆ ಅವಳ ಕೆಲಸ ಕೆಡಿಸಬೇಡಿ" ಎಂದು ಕೂಗಿದರು.

ಅವಳನ್ನು ಕಾಡುತ್ತಿದ್ದುದು ಲ್ಯಾಬಿನ ಮರ್ಯಾದೆಯೊಂದೇ ಅಲ್ಲ. ಮೊನ್ನೆ ಸಂಜೆ ಮಾವ ತರಕಾರಿ ಚೀಲ ಹಿಡಿದು ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ನಿಂತಿದ್ದರು. ನಿಂತದ್ದು ಗೊತ್ತಾಗಬಾರದೆಂದು ಗೋಡೆಯ ಮೇಲಿನ ಹಳೇ ನೋಟಿಸನ್ನು ಓದುವವರಂತೆ ನಟಿಸಿದ್ದರು. ವಾಕಿಂಗ್ ಮಾಡುತ್ತಿದ್ದ ದಿನಗಳಲ್ಲಿ ಅವರು ಎಲ್ಲೂ ನಿಲ್ಲುತ್ತಿರಲಿಲ್ಲ. ಪೆಟ್ಟಿಗೆ ನಿಜ ಹೇಳುತ್ತಿದ್ದರೆ ಅವರನ್ನು ಮನೆಯಲ್ಲಿ ಕೂರಿಸಿದ್ದೇ ಸರಿ. ಸುಳ್ಳು ಹೇಳುತ್ತಿದ್ದರೆ, ತಾನೇ ತಂದು ಕಟ್ಟಿದ ಪೆಟ್ಟಿಗೆ ಮಾವನ ಉಸಿರನ್ನು ದಿನದಿನಕ್ಕೂ ಗಿಡ್ಡ ಮಾಡುತ್ತಿದೆ. ಇದನ್ನು ನೆನೆದರೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಅವಳ ಮೇಲಿನ ಅಧಿಕಾರಿ ಮೇಡಂ ಎಲ್ಲವನ್ನೂ ಕೇಳಿ, "ಆ ಮರಿ ನಿನಗೆ ಯಾಕೋ ಒಗ್ಗಲಿಲ್ಲ. ಬೇರೆ ತಗೊಂಡು ಹೋಗು, ಅದನ್ನ ಗುಜರಿಗೆ ಹಾಕು" ಎಂದರು. ಬೇರೆ ಮರಿಯನ್ನು ತಂದು ಕಟ್ಟಿದ್ದೂ ಆಯಿತು. ಅದೂ ಬೆಳಿಗ್ಗೆ ಬೆಳಿಗ್ಗೆ ಕೆಂಪಾಯಿತು.

ಕೊನೆಗೆ ಕಳ್ಳತನ ಬಯಲಾದದ್ದು ಒಂದು ರಜೆಯ ದಿನ. ಲ್ಯಾಬಿಗೆ ಬಾಗಿಲು ಹಾಕಿದ್ದರಿಂದ ಸೊಸೆ ಅಪರೂಪಕ್ಕೆ ಬೆಳಕಾಗುವವರೆಗೂ ಮಲಗಿದ್ದಳು. ಎದ್ದು ಹಲ್ಲುಜ್ಜುತ್ತ ಹಾಲಿಗೆ ಬಂದರೆ, ಬಾಲ್ಕನಿಯ ಗಾಜಿನ ಬಾಗಿಲಾಚೆ ಅತ್ತೆ ನಿಂತಿದ್ದರು. ಕುದಿಯುವ ನೀರಿನಿಂದ ಆಗಷ್ಟೇ ತೆಗೆದ ದಪ್ಪ ಟವೆಲ್ಲು ಅವರ ಕೈಯಲ್ಲಿತ್ತು. ಬೆಳಗಿನ ತಣ್ಣನೆ ಗಾಳಿಗೆ ಅದರಿಂದ ದಟ್ಟವಾಗಿ ಹಬೆ ಏಳುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗವೆಲ್ಲ ಖಾಲಿ ಬಿದ್ದಿದ್ದರೂ ಅತ್ತೆ ನೇರವಾಗಿ ಪೆಟ್ಟಿಗೆಯ ಮುಂದೆ ಬಂದು, ಟವೆಲ್ಲನ್ನು ಕಂಬಿಯ ಮೇಲೆ ಪರದೆ ಕಟ್ಟಿದಂತೆ ಹರವಿ, ಎರಡೂ ತುದಿ ಜಗ್ಗಿ ನೇರ ಮಾಡಿದರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ಕಾದರು. ಹಸಿರು ಹಳದಿಯಾಯಿತು. ಹಳದಿ ಕೆಂಪಾಯಿತು.

"ರೀ!" ಎಂದು ಅತ್ತೆ ಒಳಗೆ ಕೂಗಿದರು, ದನಿಯಲ್ಲಿ ಎಷ್ಟು ಬೇಕೋ ಅಷ್ಟು ಬೇಸರ ಬೆರೆಸಿ. "ಇವತ್ತೂ ಕೆಂಪೇ ಕಣ್ರೀ. ಶೂ ಬಿಚ್ಚಿ."

ಸೊಸೆಯ ಬಾಯಲ್ಲಿ ಬ್ರಷ್ಷು ಹಾಗೇ ನಿಂತುಬಿಟ್ಟಿತು. ಮಂಜು, ಹೆಡ್‌ಲೈಟು, ಬಿಳೀ ಗೋಡೆ! ಹಬೆಯ ಹನಿಗಳು ಒಂದೊಂದೂ ಲೇಸರಿಗೆ ಸಿಕ್ಕಿ ಮಿನುಗುತ್ತಿವೆ. ಪಾಪದ ಮರಿ ನೀರು ಯಾವುದು ಧೂಳು ಯಾವುದು ತಿಳಿಯದೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಬೊಬ್ಬೆ ಹೊಡೆಯುತ್ತಿದೆ. ಮರಿಗಳಿಗೆ ಪಾಠ ಹೇಳಿದ್ದು ಒಣ ಬಿಸಿಲಿನ ದಿನಗಳಲ್ಲಿ, ಬೆಂಕಿಯಂತೆ ಕಾಯುವ ತಾರಸಿಯ ಮೇಲೆ. ಯಜಮಾನ್ರು ಗಾಳಿ ಎಳೆಯುವ ಕೊಳವೆಯಲ್ಲಿ ಒಂದು ಹೀಟರ್ ಇದೆ, ಹಸಿ ಗಾಳಿ ಒಳಗೆ ಹೋಗುವ ಮೊದಲೇ ಒಣಗಿಬಿಡುತ್ತದೆ. ಮರಿಗಳಿಗೆ ಅಂಥ ಭಾಗ್ಯವಿಲ್ಲ. ಎಷ್ಟು ಸರಳ! ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಮಾವ ಗೊಣಗುತ್ತ ಬಂದು ಟೀ ಕುಡಿದು, ಪೇಪರ್ ಮುಗಿಸಿ, ಸ್ನಾನಕ್ಕೆ ಹೋಗುವವರೆಗೂ ಅವಳು ತಡೆದುಕೊಂಡಳು. ಆಮೇಲೆ ಬಾಲ್ಕನಿಗೆ ಹೋಗಿ, ತಣ್ಣಗಾಗಿದ್ದ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಅತ್ತೆ, ಏನಿದು?"

"ಟವೆಲ್ಲು. ಒಣಗಲಿ ಅಂತ ಹಾಕಿದೆ."

"ಆ ತುದೀಲಿ ಹಗ್ಗ ಎಲ್ಲಾ ಖಾಲಿ ಇದೆ."

"ಅಲ್ಲಿ ಕಾಗೆ ಕೂರುತ್ತೆ."

"ಅತ್ತೇ..."

ಅತ್ತೆ ಗಾಜಿನ ಬಾಗಿಲನ್ನು ಎಳೆದು ಮುಚ್ಚಿದರು. ಬಚ್ಚಲಿನಿಂದ ಮಾವನ ಹಾಡು ಕೇಳಿಸುತ್ತಿತ್ತು. ಅತ್ತೆ ಸೊಸೆಯ ಕೈಯಿಂದ ಟವೆಲ್ಲು ಕಿತ್ತುಕೊಂಡು ಮಡಿಚತೊಡಗಿದರು, ಹಸಿ ಟವೆಲ್ಲನ್ನು ಯಾರೂ ಮಡಿಚುವುದಿಲ್ಲವೆಂಬುದನ್ನೇ ಮರೆತವರಂತೆ.

"ಮೊದಲ ದಿನ ಬೇಕು ಅಂತ ಮಾಡಿದ್ದಲ್ಲ ಕಣೇ. ಸುಮ್ನೆ ಒಣಹಾಕಿದೆ, ಕೆಂಪಾಯ್ತು. ಇವರು ಹೊರಗೆ ಹೋಗದೆ ಇಲ್ಲೇ ಕೂತ್ರು. ಇಬ್ಬರೂ ಎದುರುಬದುರು ಕೂತು ಟೀ ಕುಡಿದ್ವಿ." ಅವರು ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿದರು. "ಮದುವೆ ಆದಾಗಿನಿಂದ ನೋಡಿದೀನಿ. ಬೆಳಕು ಹರಿಯೋ ಮೊದಲೇ ಎದ್ದು ಡ್ಯೂಟಿಗೆ ಹೋಗ್ಬಿಡೋರು. ನಿಂತ್ಕೊಂಡು ಅರ್ಧ ಲೋಟ ಟೀ ಕುಡಿಯೋರು, ಅದೂ ವಾಚ್ ನೋಡ್ಕೊಂಡು. ರಿಟೈರ್ ಆದ್ಮೇಲಾದ್ರೂ ಮನೇಲಿರ್ತಾರೆ ಅಂದ್ಕೊಂಡೆ. ವಾಕಿಂಗ್ ಶುರುವಾಯ್ತು. ನನ್ನ ಮಂಡಿಗೆ ಅವರ ಜೊತೆ ಓಡೋ ಶಕ್ತಿ ಇಲ್ಲ. ಬೆಳಗಿನ ಹೊತ್ತು ಇವರ ಮುಖ ಹೀಗಿರುತ್ತೆ ಅಂತ ನನಗೆ ಗೊತ್ತಾಗಿದ್ದೇ ಈ ತಿಂಗಳು."

ಮೆಟ್ಟಿಲ ಬಳಿಯ ನೋಟಿಸು ಸೊಸೆಯ ಕಣ್ಣ ಮುಂದೆ ಬಂತು.

"ಅತ್ತೆ, ಮಾವ ಈಗ ಮೆಟ್ಟಿಲು ಹತ್ತೋವಾಗ ಎರಡು ಸಲ ನಿಲ್ತಾರೆ. ನೋಡಿದೀರಾ?"

ಅತ್ತೆಯ ಕೈ ನಿಂತಿತು. ಅವರು ನೋಡಿರಲಿಲ್ಲ, ಮಂಡಿನೋವಿನಿಂದಾಗಿ ಅವರು ಕೆಳಗಿಳಿಯುವುದೇ ಅಪರೂಪವಾಗಿತ್ತು. ಮಡಿಚಿದ್ದ ಟವೆಲ್ಲನ್ನು ಬಕೆಟ್ಟಿಗೆ ಹಾಕಿದರು.

"ನಿನ್ನ ಪೆಟ್ಟಿಗೆ ಸರಿಮಾಡು," ಎಂದರು. "ನಾನು ಇನ್ನು ಟವೆಲ್ಲು ಹಾಕಲ್ಲ. ಅವರಿಗೆ ಮಾತ್ರ ಹೇಳ್ಬೇಡ."

"ನಾನು ಬಾಯಿ ಬಿಡಲ್ಲ," ಎಂದಳು ಸೊಸೆ.

ಲ್ಯಾಬು ತೆರೆದ ದಿನ ಅವಳು ಮೇಡಂ ಮುಂದೆ ಹೋಗಿ, ಮರಿಗಳ ಮೂಗು ಒಣಗಿಸದೆ ಅವನ್ನು ಊರಿಗೆ ಬಿಟ್ಟರೆ ಮಂಜಿನ ಕಾಲದಲ್ಲಿ ಎಲ್ಲವೂ ಒಟ್ಟಿಗೆ ಸುಳ್ಳು ಹೇಳುತ್ತವೆ ಎಂದಳು. ಹೇಗೆ ಗೊತ್ತಾಯಿತು ಎಂದು ಮೇಡಂ ಕೇಳಿದರು. ಮನೆಯಲ್ಲಿ ಬಟ್ಟೆ ಒಣಹಾಕುವಾಗ ಗೊತ್ತಾಯಿತು ಎಂದಳು. ಅದು ಸುಳ್ಳೇನೂ ಅಲ್ಲವಲ್ಲ. ಇಬ್ಬರೂ ಸೇರಿ ಮರಿಯ ಗಾಳಿ ಕೊಳವೆಗೆ ಒಂದು ತೆಳುವಾದ ಹೀಟರ್ ತಂತಿ ಸುತ್ತಿದರು. ಒಳಗೆ ಹೋಗುವ ಗಾಳಿ ಬೆಚ್ಚಗಾದರೆ ನೀರಿನ ಹನಿ ದಾರಿಯಲ್ಲೇ ಆರಿಹೋಗುತ್ತದೆ, ಬೆಳಕಿನ ಮುಂದೆ ಬರುವುದು ಧೂಳು ಮಾತ್ರ. ಯಜಮಾನ್ರ ಪಕ್ಕದಲ್ಲಿ ಕೂರಿಸಿ ಮತ್ತೆ ತಾಳೆ ನೋಡಿದರು. ಮರಿಗೆ ಬುದ್ಧಿ ಬಂದಿತ್ತು. ಆದರೆ ತಾರಸಿಯ ಮೇಲೆ ಬಿಸಿಲೇ ಬಿಸಿಲು. ನಿಜವಾದ ಹಬೆಗೆ ಇದು ತಡೆಯುತ್ತದೋ ಇಲ್ಲವೋ ಎಂಬ ಅಳುಕು ಉಳಿದೇ ಇತ್ತು.

ಪೆಟ್ಟಿಗೆಯನ್ನು ಮರಳಿ ಕಟ್ಟಿದ ಮಾರನೆಯ ಬೆಳಿಗ್ಗೆ ಸೊಸೆ ತಡವಾಗಿ ಬರುವುದಾಗಿ ಲ್ಯಾಬಿಗೆ ಹೇಳಿ ಮನೆಯಲ್ಲೇ ಉಳಿದಳು. ದೀಪ ಹಸಿರಾಗಿತ್ತು. ಅತ್ತೆ ಮಾತಿಗೆ ತಪ್ಪಿರಲಿಲ್ಲ. ಟವೆಲ್ಲಿನ ಸುದ್ದಿಯೇ ಇಲ್ಲ. ಅಷ್ಟೇ ಅಲ್ಲ, ಮಾವನ ಶೂಗಳನ್ನು ಒರೆಸಿ, ಕಾಲುಚೀಲ ತುರುಕಿ, ಬಾಗಿಲ ಬಳಿ ತಾವೇ ಜೋಡಿಸಿಟ್ಟಿದ್ದರು. ಆಮೇಲೆ ಅಡುಗೆಮನೆ ಸೇರಿ, ಬೇಕಿಲ್ಲದ ಪಾತ್ರೆಗಳನ್ನೆಲ್ಲ ತೊಳೆಯುತ್ತ ಸದ್ದು ಮಾಡುತ್ತಿದ್ದರು.

ಮಾವ ಎದ್ದು ಬಂದರು. ಹಸಿರು ದೀಪ ನೋಡಿದರು. ಬಾಗಿಲ ಬಳಿಯ ಶೂ ನೋಡಿದರು. ಖುಷಿಯಿಂದ ಜಿಗಿಯುತ್ತಾರೆಂದು ಸೊಸೆ ಕೋಣೆಯ ಬಾಗಿಲ ಸಂದಿಯಿಂದ ಇಣುಕುತ್ತ ಕಾಯುತ್ತಿದ್ದಳು. ಅವರು ಜಿಗಿಯಲಿಲ್ಲ. ಕತ್ತು ಕೆರೆದುಕೊಂಡು ಒಮ್ಮೆ ಅಡುಗೆಮನೆಯತ್ತ, ಒಮ್ಮೆ ಖಾಲಿ ಹಗ್ಗದತ್ತ ನೋಡಿದರು. ಆಮೇಲೆ ಬೆಕ್ಕಿನ ಹೆಜ್ಜೆಯಿಟ್ಟು ಬಚ್ಚಲಿಗೆ ಹೋದರು.

ಹೊರಗೆ ಬಂದಾಗ ಅವರ ಕೈಯಲ್ಲಿ ಬಿಸಿನೀರಿನಲ್ಲಿ ಅದ್ದಿದ ಟವೆಲ್ಲಿತ್ತು. ಹಿಂಡುವ ಅಭ್ಯಾಸವಿಲ್ಲದ ಕೈ. ಬಚ್ಚಲಿನಿಂದ ಬಾಲ್ಕನಿಯವರೆಗೂ ನೀರು ತೊಟ್ಟಿಕ್ಕಿತು. "ಹಾ, ಹೂ" ಎಂದು ಕೈ ಬದಲಿಸುತ್ತ ಹೋಗಿ, ಅದನ್ನು ಪೆಟ್ಟಿಗೆಯ ಮುಂದೆ ಸೊಟ್ಟಗೆ ನೇತುಹಾಕಿ, ಸೊಂಟದ ಮೇಲೆ ಕೈಯಿಟ್ಟು ಕಾದರು. ಹಬೆ ಮೋಡದಂತೆ ಎದ್ದಿತು. ದೀಪ ಹಸಿರಾಗಿಯೇ ಇತ್ತು. ಟವೆಲ್ಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದರು. ಹಸಿರು. ಪೆಟ್ಟಿಗೆಯ ತಲೆಗೆ ಮೆಲ್ಲಗೆ ಒಂದು ಏಟು ಕೊಟ್ಟರು. ಹಸಿರು.

"ಅಮ್ಮಾ," ಎಂದು ಕೊನೆಗೆ ಅವರು ತಾಳ್ಮೆ ಕಳೆದುಕೊಂಡು ಕೂಗಿದರು, "ನಿನ್ನ ಪೆಟ್ಟಿಗೆ ಕೆಟ್ಟುಹೋಗಿದೆ ನೋಡು!"

"ಕೆಟ್ಟಿಲ್ಲ ಮಾವ, ರಿಪೇರಿಯಾಗಿದೆ," ಎಂದು ಸೊಸೆ ಹೊರಗೆ ಬಂದಳು.

"ಯಾರಮ್ಮಾ ನಿನಗೆ ರಿಪೇರಿ ಮಾಡು ಅಂದಿದ್ದು?"

ಅಡುಗೆಮನೆಯ ಸದ್ದು ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ. ಅತ್ತೆ ಒದ್ದೆ ಕೈಯಲ್ಲೇ ಗಾಜಿನ ಬಾಗಿಲ ಬಳಿ ನಿಂತಿದ್ದರು. ನೆಲದ ನೀರು ನೋಡಿದರು, ಟವೆಲ್ಲು ನೋಡಿದರು, ಗಂಡನ ಕೆಂಪಾದ ಅಂಗೈ ನೋಡಿದರು.

"ನಿಮಗೆ ಗೊತ್ತಿತ್ತಾ?"

ಮಾವ ನಾಲಿಗೆ ಕಚ್ಚಿಕೊಂಡರು. "ಅಷ್ಟು ವರ್ಷ ಮಂಜಲ್ಲಿ ಬಸ್ ಓಡಿಸಿದೀನಿ ಕಣೇ. ಹಬೆ ಯಾವುದು, ಹೊಗೆ ಯಾವುದು ಅಂತ ತಿಳಿಯಲ್ವಾ ನನಗೆ? ಇವಳು ಪೆಟ್ಟಿಗೆ ಬಿಚ್ಚಿ ತೋರಿಸಿದ ದಿನಾನೇ ಗೊತ್ತಾಯ್ತು."

"ಮತ್ತೆ ಯಾಕೆ ದಿನಾ ಮುಖ ಊದಿಸ್ಕೊಂಡು ಕೂತ್ಕೋತಿದ್ರಿ?"

"ನಗ್ತಾ ಕೂತಿದ್ರೆ ನೀನು ಟವೆಲ್ಲು ಹಾಕೋದು ನಿಲ್ಲಿಸ್ತಿದ್ದೆ."

ಅತ್ತೆ ತಾವು ಕದ್ದುಕೊಂಡೆವು ಎಂದುಕೊಂಡಿದ್ದ ಬೆಳಗುಗಳನ್ನೆಲ್ಲ ಮಾವ ತಾವಾಗಿಯೇ ಕೊಟ್ಟಿದ್ದರು. ಅತ್ತೆಯ ಕಣ್ಣು ತುಂಬಿಬಂತು. ಅದನ್ನು ಮುಚ್ಚಿಡುವ ಗೋಜಿಗೂ ಅವರು ಹೋಗಲಿಲ್ಲ. ಸೆರಗಿನಿಂದ ಒರೆಸಿಕೊಂಡು, ಮೂಗು ಎಳೆದುಕೊಂಡು, ಬಾಗಿಲ ಕಡೆ ಕೈ ತೋರಿದರು.

"ಶೂ ಹಾಕ್ಕೊಳ್ಳಿ. ಡಾಕ್ಟ್ರು ನಡೀರಿ ಅಂದಿದ್ದಾರೆ. ನಡೀಬೇಕು."

"ಟೀ?"

"ಫ್ಲಾಸ್ಕಲ್ಲಿ ಹಾಕಿ ತರ್ತೀನಿ. ಪಾರ್ಕಿನ ಬೆಂಚಲ್ಲಿ ಕೂತು ಕುಡಿಯೋಣ."

"ನಿನ್ನ ಮಂಡಿ?"

"ಅದೂ ಜೊತೆಗೇ ಬರುತ್ತೆ. ನೀವು ಬಸ್ ಓಡಿಸಿದ ಹಾಗೆ ಓಡಬೇಡಿ, ಅಷ್ಟೇ."

"ಪ್ಯಾಸೆಂಜರ್ ಬಸ್ ಕಣೇ ಇನ್ಮೇಲೆ," ಎಂದರು ಮಾವ, ಶೂಗೆ ಕಾಲು ತೂರಿಸುತ್ತ. "ಕೈ ತೋರಿಸಿದಲ್ಲೆಲ್ಲ ನಿಲ್ಲಿಸ್ತೀನಿ."

ಇಬ್ಬರೂ ಇಳಿದು ಹೋದರು. ಪ್ರತಿ ಮಹಡಿಯಲ್ಲೂ ಹೆಜ್ಜೆ ಸದ್ದು ನಿಲ್ಲುವುದು, ನಿಂತದ್ದು ಯಾರಿಗಾಗಿ ಎಂದು ಇಬ್ಬರೂ ವಾದ ಮಾಡುವುದು ಮೇಲಿನವರೆಗೂ ಕೇಳಿಸುತ್ತಿತ್ತು. ಕೋಣೆಯಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ, ಮನೆಯಲ್ಲಿ ಇಷ್ಟೆಲ್ಲ ನಡೆದದ್ದು ಅವನ ಕನಸಿಗೂ ಬಂದಿರಲಿಲ್ಲ.

ಸೊಸೆ ಮಾವನ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮರಿಯ ಗೆರೆಯನ್ನು ತೆರೆದಳು. ಎದುರಿಗೆ ಟವೆಲ್ಲಿನಿಂದ ಇನ್ನೂ ಬುಸುಬುಸು ಹಬೆ ಏಳುತ್ತಿತ್ತು, ಗೆರೆ ಮಾತ್ರ ಅಲ್ಲಾಡದೆ ನೇರವಾಗಿ ಮಲಗಿತ್ತು. ತಾರಸಿಯ ಮೇಲೆ ಎಷ್ಟು ದಿನ ಕಾದಿದ್ದರೂ ಇಂಥ ಪರೀಕ್ಷೆ ಸಿಗುತ್ತಿರಲಿಲ್ಲ. ಅವಳು ಮೇಡಂಗೆ ಫೋನ್ ಮಾಡಿ, ಮರಿಗಳನ್ನು ಧೈರ್ಯವಾಗಿ ಊರಿಗೆ ಬಿಡಬಹುದು ಎಂದಳು. ಟವೆಲ್ಲು ಪೂರ್ತಿ ತಣ್ಣಗಾಗುವವರೆಗೂ ಅದನ್ನು ಅಲ್ಲಿಂದ ತೆಗೆಯಲಿಲ್ಲ. ಆಮೇಲೆ ಎದ್ದು, ಅದನ್ನು ಚೆನ್ನಾಗಿ ಹಿಂಡಿ ಹಗ್ಗದ ಆ ತುದಿಗೆ ಹಾಕಿ, ಮಾವ ಬಚ್ಚಲಿನಿಂದ ಬಾಲ್ಕನಿಯವರೆಗೆ ಸುರಿಸಿದ್ದ ನೀರನ್ನು ಒರೆಸತೊಡಗಿದಳು.